ಹಬ್ಬಕ್ಕೆ ಬಂದ ಪ್ಲಾಸ್ಟರು

ತಕ್ ಜಿನ್‌ಗು ಆವತ್ತು ಆ ಚೆಂಡನ್ನು ಅದರ ಪಾಡಿಗೆ ಬಿಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅದು ಬಯಲಿನ ಚೆಂಡೂ ಅಲ್ಲ. ದೆಜೊನ್ ನಗರದಲ್ಲಿ ಅವನ ಆಫೀಸಿನ ಹಿಂದಿನ ಬೀದಿಯಲ್ಲಿ, ಕೋಳಿ ಕರಿಯುವ ಅಂಗಡಿಯ ಕೆಳಗೆ, ನೆಲಮಾಳಿಗೆಯಲ್ಲಿ ಒಂದು ಸ್ಕ್ರೀನ್ ಗಾಲ್ಫ್ ಕೋಣೆಯಿದೆ. ಎದುರಿಗೆ ಗೋಡೆಯಗಲದ ಪರದೆ, ಪರದೆಯ ಮೇಲೆ ಹಸಿರು ಹುಲ್ಲುಗಾವಲು, ಕಾಲ ಕೆಳಗೆ ರಬ್ಬರ್ ಚಾಪೆ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಅಲ್ಲಿಗೆ ಇಳಿದಿದ್ದ ಜಿನ್‌ಗು ಕೋಲನ್ನು ಹೆಗಲಾಚೆಗೆ ಎತ್ತಿ, ಹಲ್ಲು ಕಚ್ಚಿ, ಪೂರ್ತಿ ಬಲದಿಂದ ಬೀಸಿದ. ಕೋಲು ಚೆಂಡನ್ನು ಬಿಟ್ಟು ಚಾಪೆಗೆ ಬಡಿಯಿತು. ಚಾಪೆಗೆ ಏನೂ ಆಗಲಿಲ್ಲ. ಅವನ ಬಲಗೈ ಮಣಿಕಟ್ಟಿನೊಳಗೆ, ಕಿರುಬೆರಳಿನ ಕಡೆ, ಏನೋ 'ಪಟ್' ಎಂದಿತು.

ಆಸ್ಪತ್ರೆಯ ಡಾಕ್ಟರಮ್ಮ ಕಂಪ್ಯೂಟರಿನ ಮೇಲೆ ಅವನ ಕೈಯ ಚಿತ್ರ ತೋರಿಸಿ, "ಎಲುಬು ಮುರಿದಿಲ್ಲ, ಆದ್ರೆ ಖುಷಿಪಡಬೇಡಿ," ಎಂದಿದ್ದಳು. "ಇಲ್ಲಿ, ಈ ಮೂಲೇಲಿ, ಮೂರು ಮೂಲೆಯ ಒಂದು ಪುಟ್ಟ ಮೆತ್ತೆ ಇರುತ್ತೆ. ಮೃದು ಎಲುಬಿಂದು. ಅದನ್ನ ಹಿಡಿದಿಟ್ಟಿರೋ ಲಿಗಮೆಂಟು ಬೇರೆ. ಎರಡೂ ಹರಿದಿವೆ. ಆರು ವಾರ ಪಟ್ಟಿ ಹಾಕ್ಕೊಳ್ಳಿ. ಬಾಗಿಲ ಹಿಡಿ ತಿರುಗಿಸಬೇಡಿ, ಬಟ್ಟೆ ಹಿಂಡಬೇಡಿ, ನೆಲಕ್ಕೆ ಅಂಗೈ ಊರಿ ಏಳಬೇಡಿ. ಇನ್ನೊಂದು ಸಲ ತಿರುಚಿದ್ರೋ, ಆಪರೇಷನ್ನೇ ಗತಿ."

ಇಷ್ಟೇ ಆಗಿದ್ದರೆ ಮನೆಗೆ ಹೋಗಿ ಹೆಂಡತಿಯ ಮುಂದೆ ನರಳಿ ನಾಲ್ಕು ಒಳ್ಳೆಯ ಮಾತು ಕೇಳಿಸಿಕೊಳ್ಳಬಹುದಿತ್ತು. ಆದರೆ ಅವನಿಗೆ ಆ ಭಾಗ್ಯವೂ ಇರಲಿಲ್ಲ. ಹೋದ ವಸಂತದಲ್ಲಿ ಮಾವನ ಎಪ್ಪತ್ತನೆಯ ಹುಟ್ಟುಹಬ್ಬದ ಊಟಕ್ಕೆ ಅವನು ಹೋಗಿರಲಿಲ್ಲ. ಆಫೀಸಿನಲ್ಲಿ ತಪಾಸಣೆ ಎಂದು ಹೇಳಿ ಮೇಲಧಿಕಾರಿಯ ಜೊತೆ ಗಾಲ್ಫ್ ಆಡಲು ಹೋಗಿದ್ದ. ಮೇಲಧಿಕಾರಿಯ ಹೆಂಡತಿ ಅದರ ಫೋಟೋವನ್ನು ಊರಿಗೆಲ್ಲ ಕಾಣುವಂತೆ ಇಂಟರ್ನೆಟ್ಟಿನಲ್ಲಿ ಹಾಕಿದಳು. ಮಾರನೆಯ ದಿನ ಜಿನ್‌ಗುವಿನ ಹೆಂಡತಿ ಯೊನ್‌ಜು ಒಂದು ಬಿಳಿ ಹಾಳೆ ತಂದಿಟ್ಟಳು. ಅವಳು ಹೇಳಿದಳು, ಅವನು ಬರೆದ: 'ಇನ್ನು ಮುಂದೆ ಗಾಲ್ಫ್ ಕೋಲು ಮುಟ್ಟಿದ್ದೇ ಆದರೆ, ಅಂದಿನಿಂದ ನನ್ನ ಉಸಿರಿರುವ ತನಕ ಚುಸೊಕ್ ಹಬ್ಬದ ಮತ್ತು ಹೊಸವರ್ಷದ ಹಬ್ಬದ ಅಡುಗೆ, ಹಿರಿಯರ ಎಡೆ, ಪಾತ್ರೆ ತೊಳೆಯುವುದು, ಎಲ್ಲವನ್ನೂ ನಾನೊಬ್ಬನೇ ಮಾಡತಕ್ಕದ್ದು.' ಕೆಳಗೆ ಕೆಂಪು ಮಸಿಯಲ್ಲಿ ಅವನ ಹೆಬ್ಬೆಟ್ಟು. ಪಕ್ಕದಲ್ಲಿ ಸಾಕ್ಷಿಯ ಹೆಬ್ಬೆಟ್ಟು, ಅದು ಅವನ ಹೆತ್ತ ತಾಯಿಯದು. "ಬೆಳೆದ ಗಂಡಸು ಕೋಲು ಹಿಡ್ಕೊಂಡು ಚೆಂಡಿನ ಹಿಂದೆ ಓಡೋದು ಅಂದ್ರೇನು, ಥೂ!" ಎಂದು ಉಗಿದು ಆಕೆ ಹೆಬ್ಬೆಟ್ಟು ಒತ್ತಿದ್ದಳು.

ಹೀಗಾಗಿ ಜಿನ್‌ಗುವಿನ ಮಣಿಕಟ್ಟು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಫೀಸಿನಲ್ಲಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಸಂಜೆ ಮನೆಯ ಕೆಳಗೆ ಕಾರು ನಿಲ್ಲಿಸಿ, ಪಟ್ಟಿ ಬಿಚ್ಚಿ, ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರದ ಅಡಿಗೆ ತುರುಕಿ, ಮುಖದ ಮೇಲೆ ನಗು ಹಚ್ಚಿಕೊಂಡು ಲಿಫ್ಟ್ ಹತ್ತುತ್ತಿದ್ದ. ಎಡಗೈಯಲ್ಲಿ ಊಟದ ಕಡ್ಡಿ ಹಿಡಿದು ಮೂಲಂಗಿಯ ತುಂಡನ್ನು ಮೇಜಿನುದ್ದಕ್ಕೂ ಅಟ್ಟಿಸಿಕೊಂಡು ಹೋಗುವುದನ್ನು ಕಂಡು ಯೊನ್‌ಜು ಹುಬ್ಬೇರಿಸಿದರೆ, "ಎಡಗೈ ಬಳಸಿದ್ರೆ ಮಿದುಳು ಚುರುಕಾಗುತ್ತಂತೆ ಕಣೇ," ಎನ್ನುತ್ತಿದ್ದ. ಹೀಗೇ ಮೂರು ವಾರ ಕಳೆಯಿತು. ಇನ್ನು ಮೂರು ವಾರ ದೂಡಿದರೆ ಕೈಯೂ ಉಳಿಯಿತು, ಮಾನವೂ ಉಳಿಯಿತು. ನಡುವೆ ಇದ್ದದ್ದು ಸುಗ್ಗಿ ಹುಣ್ಣಿಮೆಯ ಚುಸೊಕ್ ಹಬ್ಬ ಒಂದೇ. ಅದರ ಬಗ್ಗೆ ಅವನಿಗೆ ಭಯವಿರಲಿಲ್ಲ. ಹಬ್ಬದ ಹಿಂದಿನ ದಿನ ಗೊಂಗ್ಜು ಊರಿನಲ್ಲಿರುವ ಅಮ್ಮನ ಮನೆಯಲ್ಲಿ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕರಿಯುತ್ತಾರೆ, ಬೇಯಿಸುತ್ತಾರೆ, ಅವನು ಟೀವಿ ಎದುರು ಮಲಗುತ್ತಾನೆ. ನಲವತ್ತೆರಡು ವರ್ಷದಿಂದ ನಡೆದು ಬಂದ ಪದ್ಧತಿ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಯೊನ್‌ಜು ಕೋಣೆಯಿಂದ ಹೊರಗೆ ಬಂದಳು. ಅವಳ ಬಲಗೈಗೆ ಅಂಗೈಯಿಂದ ಮೊಣಕೈವರೆಗೆ ಬೆಳ್ಳಗೆ ಪ್ಲಾಸ್ಟರು. ಮೇಲೆ ಬ್ಯಾಂಡೇಜು ಸುತ್ತಿ, ಕೊರಳಿಗೆ ಜೋಲಿ ಕಟ್ಟಿತ್ತು.

ಜಿನ್‌ಗು ಕಾಲಿಗೇರಿಸುತ್ತಿದ್ದ ಸಾಕ್ಸ್ ಹಾಗೇ ಬಿಟ್ಟ. "ಏನೇ ಇದು?"

"ನಿನ್ನೆ ಸಾಯಂಕಾಲ ಬಚ್ಚಲುಮನೇಲಿ ಜಾರಿಬಿಟ್ಟೆ ರೀ. ನೀವು ಬರೋದು ತಡ ಆಯ್ತಲ್ಲ, ನಾನೇ ಆಸ್ಪತ್ರೆಗೆ ಹೋಗ್ಬಂದೆ. ಒಂದು ತಿಂಗಳು ಈ ಕೈ ಅಲ್ಲಾಡಿಸೋ ಹಾಗಿಲ್ವಂತೆ."

"ಅಯ್ಯೋ ಪಾಪ! ನೋವಿದ್ಯಾ?"

"ಇರತ್ತಲ್ವಾ ಮತ್ತೆ," ಎಂದು ಅವಳು ಬೇರೆ ಕಡೆ ನೋಡಿದಳು.

ಆ ನೋಟ ಬೇರೆ ಕಡೆ ಹೋದದ್ದೇ ತಡ, ಜಿನ್‌ಗುವಿನ ತಲೆಯಲ್ಲಿ ಗಂಟೆ ಬಾರಿಸಿತು. ಮೊನ್ನೆ ತಾನೇ ಆಫೀಸಿನಲ್ಲಿ ಮೆಂಗ್ ಎಂಬ ಸಹೋದ್ಯೋಗಿ ಫೋನಿನಲ್ಲಿ ಒಂದು ಸುದ್ದಿ ತೋರಿಸಿ ಬಿದ್ದು ಬಿದ್ದು ನಕ್ಕಿದ್ದ. ನಾಟಕದವರಿಗೆಂದು ಮಾಡುವ ನಕಲಿ ಪ್ಲಾಸ್ಟರು ಹಬ್ಬ ಹತ್ತಿರವಾದಾಗ ಎಲ್ಲೂ ಸಿಗದಷ್ಟು ಮಾರಾಟವಾಗುತ್ತದಂತೆ. ಕೊಳ್ಳುವವರೆಲ್ಲ ಸೊಸೆಯಂದಿರಂತೆ. ಅತ್ತೆ ಮನೆಯ ಬಾಗಿಲಲ್ಲಿ ಹಾಕಿಕೊಳ್ಳುವುದು, ವಾಪಸು ಬರುವಾಗ ಕಾರಿನಲ್ಲಿ ಬಿಚ್ಚುವುದು. ಹಾವಿನ ಹೆಜ್ಜೆ ಹಾವೇ ಬಲ್ಲದು. ಮೂರು ವಾರದಿಂದ ಕಾರಿನಲ್ಲಿ ಪಟ್ಟಿ ಬಿಚ್ಚುತ್ತಿದ್ದ ಜಿನ್‌ಗುವಿಗೆ ಇದು ನಾಟಕವೆಂಬುದರಲ್ಲಿ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಆದರೆ ಬಾಯಿಬಿಟ್ಟು ಹೇಳುವುದು ಹೇಗೆ? ಮನೆಯಲ್ಲಿ ಮಣಿಕಟ್ಟಿನ ಮಾತು ಎತ್ತಿದಷ್ಟೂ ತನಗೇ ಅಪಾಯ. ಬಾಯಿ ಮುಚ್ಚಿಕೊಂಡು ಕಾರು ಹತ್ತಿದ.

ಒಂದು ಗಂಟೆಯ ದಾರಿ, ಹಬ್ಬದ ಜನಜಂಗುಳಿಯಲ್ಲಿ ನಾಲ್ಕು ಗಂಟೆ ಹಿಡಿಯಿತು. ಯೊನ್‌ಜು ಪಕ್ಕದ ಸೀಟಿನಲ್ಲಿ ಪ್ಲಾಸ್ಟರನ್ನು ಅವುಚಿಕೊಂಡು ಹಾಯಾಗಿ ನಿದ್ದೆ ಹೋದಳು. ಪ್ರತಿ ತಿರುವಿನಲ್ಲೂ ಸ್ಟಿಯರಿಂಗ್ ತಿರುಗಿಸುವಾಗ ಜಿನ್‌ಗುವಿನ ಕಣ್ಣಲ್ಲಿ ನೀರು ಬಂತು. ಅವಳು ಒಮ್ಮೆ ಎಚ್ಚೆತ್ತು ನೋಡಿ, "ಅಳ್ತಿದ್ದೀರಾ?" ಎಂದಳು. "ಅಪ್ಪನ ನೆನಪಾಯ್ತು," ಎಂದ. ಸತ್ತ ಅಪ್ಪ ಎಷ್ಟೋ ಕಷ್ಟಗಳಲ್ಲಿ ಹೀಗೆ ಕೈಹಿಡಿದಿದ್ದಾನೆ.

ಗೊಂಗ್ಜುವಿನ ಮನೆಯ ನೀಲಿ ಗೇಟಿನ ಗಂಟೆ ಒತ್ತಿದಾಗ ಒಳಗಿನಿಂದ ಅಗುಳಿ ತೆಗೆಯಲು ಯಾರೋ ಬಹಳ ಹೊತ್ತು ಪರದಾಡಿದ ಸದ್ದು ಕೇಳಿತು. ಕೊನೆಗೆ ಗೇಟು ತೆರೆಯಿತು. ಅಮ್ಮ ಸೊಂಟದಿಂದ ಅದನ್ನು ತಳ್ಳುತ್ತ ನಿಂತಿದ್ದಳು. ಅವಳ ಬಲಗೈಗೆ ಅಂಗೈಯಿಂದ ಮೊಣಕೈವರೆಗೆ ಬೆಳ್ಳಗೆ ಪ್ಲಾಸ್ಟರು.

ಅತ್ತೆ ಸೊಸೆಯ ಕೈ ನೋಡಿದಳು. ಸೊಸೆ ಅತ್ತೆಯ ಕೈ ನೋಡಿದಳು. ಇಬ್ಬರೂ ಒಂದೇ ಉಸಿರಿಗೆ, "ಅಯ್ಯೋ, ಏನಾಯ್ತು?" ಎಂದರು.

"ಬಚ್ಚಲುಮನೇಲಿ ಜಾರಿದೆ ಅತ್ತೆ. ನೀವು?"

"ನಾನಾ? ಪರ್ಸಿಮನ್ ಹಣ್ಣು ಕೀಳೋಣ ಅಂತ ಏಣಿ ಹತ್ತಿದ್ದೆ, ಕಾಲು ಜಾರ್ತು."

"ಪರ್ಸಿಮನ್ನಾ?" ಎಂದು ಕಾಂಪೌಂಡ್ ಗೋಡೆಯ ಮೇಲಿಂದ ಒಂದು ತಲೆ ಎದ್ದಿತು. ಅದು ಪಕ್ಕದ ಮನೆಯ ಜೊಮ್‌ಸುನ್ ಚಿಕ್ಕಮ್ಮನದು. ಆ ಬೀದಿಯಲ್ಲಿ ಯಾರ ಮನೆಯ ಮಡಕೆಯಲ್ಲಿ ಏನು ಕುದಿಯುತ್ತಿದೆ ಎಂಬುದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. "ಅಲ್ಲಕ್ಕಾ, ಕಾಯಿ ಇನ್ನೂ ಹಸಿರು ಹಸಿರಾಗಿದೆ. ಅದನ್ನ ಕಿತ್ತು ಯಾರ ಬಾಯಿಗೆ ಹಾಕ್ತಿದ್ದೆ?"

ಅಮ್ಮ ಕೇಳಿಸದವಳಂತೆ ಒಳಗೆ ನಡೆದಳು. ಚಿಕ್ಕಮ್ಮ ಜಿನ್‌ಗುವನ್ನು ಬೆರಳು ಮಾಡಿ ಗೋಡೆಯ ಹತ್ತಿರ ಕರೆದು ಪಿಸುಗುಟ್ಟಿದಳು. "ಎರಡೂ ಡೂಪ್ಲಿಕೇಟು ಕಣೋ! ಟೀವೀಲಿ ತೋರ್ಸಿದ್ರು. ಸೊಸೆ ಮಾಡೋದು ಕೇಳಿದ್ದೆ. ಅತ್ತೇನೂ ಶುರು ಮಾಡ್ಬಿಟ್ಲಲ್ಲೋ, ಕಾಲ ಕೆಟ್ಟೋಯ್ತು! ಈಗ ಅಡುಗೆ ಯಾರು ಮಾಡ್ತಾರಂತೆ?"

ಕೇಳಿದ ಮೇಲೆ ಅವಳೇ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒಳಗಿನಿಂದ ಅಮ್ಮನ ದನಿಯೂ ಬಂತು. "ಜಿನ್‌ಗು, ಕೈ ತೊಳ್ಕೊಂಡು ಬಾರಪ್ಪ. ಎರಡು ಕೈ ನೆಟ್ಟಗಿರೋನು ಈ ಮನೇಲಿ ನೀನೊಬ್ಬನೇ."

ಕೈ ನೋವೆಂದರೆ ಏಕೆ ಎನ್ನುತ್ತಾರೆ. ಏಕೆ ಎಂದು ಹೇಳಿದರೆ ಉಸಿರಿರುವ ತನಕ ಅಡುಗೆ. ಹೇಳದಿದ್ದರೆ ಈ ಒಂದು ದಿನದ ಅಡುಗೆ. ಒಂದು ದಿನದ್ದೇ ವಾಸಿ ಎಂದು ತೀರ್ಮಾನಿಸಿ ಅಮ್ಮನ ಹೂವಿನ ಏಪ್ರನ್ ಕಟ್ಟಿಕೊಂಡ.

ಗೋಡೆಗೊರಗಿ ಅತ್ತೆ ಸೊಸೆ ಅಕ್ಕಪಕ್ಕ ಕೂತರು, ಇಬ್ಬರ ತೊಡೆಯ ಮೇಲೂ ಒಂದೊಂದು ದಿಂಬು, ದಿಂಬಿನ ಮೇಲೆ ಪ್ಲಾಸ್ಟರು. ಹದಿನೈದು ವರ್ಷದಲ್ಲಿ ಅವರಿಬ್ಬರೂ ಇಷ್ಟು ಅನ್ಯೋನ್ಯವಾಗಿ ಕೂತದ್ದನ್ನು ಜಿನ್‌ಗು ನೋಡಿರಲಿಲ್ಲ. ನೆಲದ ಮೇಲೆ ದಿನಪತ್ರಿಕೆ ಹಾಸಿ, ಅದರ ಮೇಲೆ ಅಗಲವಾದ ಕರೆಂಟಿನ ಕಾವಲಿ ಇಟ್ಟಿತ್ತು. ಎಳೆ ಕುಂಬಳದ ಬಿಲ್ಲೆ, ಮೀನಿನ ತೆಳು ಹೋಳು, ಮಾಂಸ ಮತ್ತು ತೋಫು ಎಂಬ ಸೋಯಾ ಗಿಣ್ಣು ಕಲಸಿದ ಉಂಡೆ, ಎಲ್ಲವನ್ನೂ ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಕಾವಲಿಯ ಮೇಲೆ ಬೇಯಿಸಿ ಜೊನ್ ಮಾಡಬೇಕು. ಹಿರಿಯರ ಎಡೆಗೆ ಜೊನ್ ಇಲ್ಲದೆ ನಡೆಯುವುದಿಲ್ಲ.

ಬಿಲ್ಲೆಯನ್ನು ಮಗುಚುವುದೆಂದರೆ ಮಣಿಕಟ್ಟನ್ನು ತಿರುಚುವುದೇ ಎಂದು ಜಿನ್‌ಗುವಿಗೆ ಮೊದಲನೆಯದರಲ್ಲೇ ತಿಳಿಯಿತು. "ಅಮ್ಮಾ!" ಎಂದು ಕಿರುಚಿದ.

"ಏನಾಯ್ತೋ?"

"ಎಣ್ಣೆ ಸಿಡೀತು."

ಎರಡನೆಯದಕ್ಕೂ ಎಣ್ಣೆ ಸಿಡಿಯಿತು. ಮೂರನೆಯದಕ್ಕೂ. "ಅಷ್ಟೊಂದು ಸಿಡಿಯೋಕೆ ಕಾವಲೀಲಿ ಎಣ್ಣೇನೇ ಇಲ್ವಲ್ಲ ರೀ," ಎಂದಳು ಯೊನ್‌ಜು. ಆಗ ಜಿನ್‌ಗು ಒಂದು ಉಪಾಯ ಹೂಡಿದ. ಮೊಣಕಾಲೂರಿ ಕೂತು, ಕೈಯನ್ನು ಹಲಗೆಯಂತೆ ಬಿಗಿ ಹಿಡಿದು, ಮಣಿಕಟ್ಟಿನ ಬದಲು ಸೊಂಟವನ್ನೇ ತಿರುಗಿಸಿ ಬಿಲ್ಲೆ ಮಗುಚತೊಡಗಿದ. ಒಂದೊಂದು ಬಿಲ್ಲೆಗೂ ಇಡೀ ದೇಹ ಎಡಕ್ಕೆ ಹೊರಳಿ ಬಲಕ್ಕೆ ಬರಬೇಕು.

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಸೊಂಟ ಚೆನ್ನಾಗಿ ತಿರುಗುತ್ತೆ ಕಣೋ ನಿಂದು. ಹೆಗಲು ಮಾತ್ರ ಮೊದಲೇ ಓಡಿಹೋಗತ್ತೆ."

"ತಲೆ ಎತ್ತಬೇಡಿ," ಎಂದಳು ಯೊನ್‌ಜು. "ಕಣ್ಣು ಬಿಲ್ಲೆ ಮೇಲೇ ಇರ್ಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಜಿನ್‌ಗು ಬೆವೆತ. ಗಾಲ್ಫ್ ಕಲಿಸುವವರು ಹೇಳುವ ಮಾತೇ ಅಲ್ಲವೇ ಇದು! ಇವರಿಗೆ ಗೊತ್ತಾಗಿದೆಯೇ? ಅಣಕಿಸುತ್ತಿದ್ದಾರೆಯೇ? ಇಬ್ಬರ ಮುಖವನ್ನೂ ನೋಡಿದ. ಇಬ್ಬರೂ ಗಂಭೀರವಾಗಿ ಬಿಲ್ಲೆಯನ್ನೇ ನೋಡುತ್ತಿದ್ದರು. ಸದ್ಯ, ಅಡುಗೆಯ ಮಾತೇ ಇರಬೇಕು ಎಂದು ಸಮಾಧಾನ ಮಾಡಿಕೊಂಡ.

ಕುಂಬಳ ಮುಗಿಯುವಷ್ಟರಲ್ಲಿ ಚಿಕ್ಕಮ್ಮ ಒಳಬಂದಳು. ಸಹಾಯಕ್ಕಲ್ಲ, ನೋಡಲಿಕ್ಕೆ. "ಮಗನ ಕೈಲಿ ಜೊನ್ ಮಾಡಿಸ್ತಿದ್ದೀಯಲ್ಲಕ್ಕಾ, ನಿನ್ನ ಗಂಡ ಫೋಟೋದಿಂದ ಇಳಿದು ಬರ್ತಾನೆ ನೋಡು," ಎನ್ನುತ್ತ ಬೆಂದ ಬಿಲ್ಲೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡಳು. "ಉಪ್ಪು ಕಮ್ಮಿ. ಇದೂ ಕಮ್ಮಿ. ಇದರಲ್ಲೂ ಕಮ್ಮಿ."

ಈಗ ತೋಫುವಿನ ಸರದಿ. ಉಂಡೆಗೆ ಹಾಕುವ ತೋಫುವನ್ನು ಬಟ್ಟೆಯಲ್ಲಿ ಕಟ್ಟಿ, ಒಂದು ಹನಿ ನೀರೂ ಉಳಿಯದಂತೆ ಹಿಂಡಬೇಕು.

"ಹಿಂಡಪ್ಪ," ಎಂದಳು ಅಮ್ಮ.

ಬಟ್ಟೆ ಹಿಂಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದು ಕಿವಿಯಲ್ಲಿ ಮೊಳಗಿತು. "ಹೊರಗೆ ಹಿಂಡ್ತೀನಮ್ಮ, ಇಲ್ಲಿ ನೀರು ಚೆಲ್ಲತ್ತೆ," ಎಂದು ಗಂಟನ್ನೆತ್ತಿಕೊಂಡು ಹಿತ್ತಿಲಿಗೆ ಹೋದ. ಉಪ್ಪಿನಕಾಯಿ ಜಾಡಿಗಳ ಸಾಲಿನ ಹಿಂದೆ ಎರಡು ಮಣೆಗಳ ನಡುವೆ ಗಂಟನ್ನಿಟ್ಟ. ಆ ಕಡೆ ಈ ಕಡೆ ನೋಡಿದ. ಯಾರೂ ಇರಲಿಲ್ಲ. ಮೇಲೆ ಕೂತ. ನೀರು ಸೊರಸೊರ ಇಳಿಯಿತು. ಎಂಬತ್ತೆರಡು ಕಿಲೋ ತೂಕಕ್ಕೆ ಕೊನೆಗೂ ಒಂದು ಪ್ರಯೋಜನ ಸಿಕ್ಕಿತೆಂದು ಅವನಿಗೆ ಬಹಳ ಸಂತೋಷವಾಯಿತು. ಇನ್ನೂ ಚೆನ್ನಾಗಿ ಇಳಿಯಲೆಂದು ಮೇಲೆ ಕೆಳಗೆ ಕುಪ್ಪಳಿಸಿದ.

"ಅಕ್ಕಾ!" ಚಿಕ್ಕಮ್ಮನ ಕೂಗಿಗೆ ಜಾಡಿಯ ಮುಚ್ಚಳಗಳು ನಡುಗಿದವು. "ಬಾರೇ ಇಲ್ಲಿ! ನಿನ್ನ ಮಗ ಹಿರಿಯರ ಎಡೆ ಮೇಲೆ ಕುಂಡಿ ಇಟ್ಟು ಕೂತಿದ್ದಾನೆ!"

ಆಮೇಲೆ ಆದದ್ದನ್ನು ವಿವರಿಸದಿರುವುದೇ ಒಳ್ಳೆಯದು. ತಕ್ ಮನೆತನದ ಏಳು ತಲೆಮಾರಿನ ಹಿರಿಯರ ಹೆಸರು ಹಿಡಿದು ಅಮ್ಮ ಬೈದಳು, ಯೊನ್‌ಜು ತಲೆಗೆ ಎಡಗೈ ಹೊತ್ತು ಕೂತಳು. ಆ ತೋಫು ಚಿಕ್ಕಮ್ಮನ ನಾಯಿಯ ಪಾಲಾಯಿತು. ಹೊಸ ತೋಫು ಬಂತು. ಈ ಸಲ ಮೂರು ಜೊತೆ ಕಣ್ಣುಗಳ ಎದುರಿಗೇ ಹಿಂಡಬೇಕಾಯಿತು.

"ಇನ್ನೂ ಹಿಂಡು," ಅಮ್ಮ.

"ಇನ್ನೂ ನೀರಿದೆ ರೀ," ಯೊನ್‌ಜು.

"ಗಂಡಸು ಅಂತ ಹೇಳ್ಕೋಬೇಡ," ಚಿಕ್ಕಮ್ಮ.

ಅವನು ಹಿಂಡಿದ. ಮಣಿಕಟ್ಟಿನೊಳಗೆ ಯಾರೋ ಕಾದ ಸೂಜಿಯಿಟ್ಟು ತಿರುವಿದಂತಾಗಿ, ಆಪರೇಷನ್ ಟೇಬಲ್ಲೇ ಕಣ್ಣ ಮುಂದೆ ಬಂತು. ಅದಾದ ಮೇಲೂ ಅಮ್ಮ ಕಡುಬಿನ ಅಕ್ಕಿಹಿಟ್ಟಿನ ಬೋಗುಣಿಯನ್ನು ಕಾಲಿನಿಂದ ಅವನತ್ತ ನೂಕಿದಳು. "ಇದನ್ನ ಚೆನ್ನಾಗಿ ನಾದ್ಬಿಡು ಮಗ. ಅರ್ಧ ಗಂಟೆ ಸಾಕು."

ಅರ್ಧ ಗಂಟೆ! ಜಿನ್‌ಗುವಿಗೆ ಸಿಟ್ಟು ನೆತ್ತಿಗೇರಿತು. ಇಬ್ಬರು ಗಟ್ಟಿಮುಟ್ಟಾದ ಹೆಂಗಸರು ಅಂಗಡಿಯ ಪ್ಲಾಸ್ಟರು ಕಟ್ಟಿಕೊಂಡು ದಿಂಬಿಗೊರಗಿದ್ದಾರೆ. ನಿಜವಾಗಿ ಹರಿದ ಕೈಯವನು ನಾದಬೇಕು! ಇದಕ್ಕೆ ಒಂದೇ ದಾರಿ, ಇವರ ಬಣ್ಣ ಬಯಲು ಮಾಡುವುದು. ಅದೂ ತಾನು ಬಾಯಿಬಿಡದೆ, ಬೇರೆಯವರ ಕೈಯಿಂದ.

"ಎಳ್ಳೆಣ್ಣೆ ಮುಗಿದಿದೆ, ತಂದುಬಿಡ್ತೀನಿ," ಎಂದು ಅವನು ಗೇಟು ದಾಟಿ ನೇರ ಬೀದಿಯ ತುದಿಗೆ ಓಡಿದ. ಅಲ್ಲಿ ನಾಟಿ ವೈದ್ಯ ಪ್ಯೊ ತಾತನ ಮನೆ. ವಯಸ್ಸು ಎಂಬತ್ತೊಂದು. ಅರವತ್ತು ವರ್ಷ ಸೂಜಿ ಚುಚ್ಚಿ, ಕೀಲು ಕೂರಿಸಿ, ಊರಿನ ಅರ್ಧ ಜನರ ನರಗಳನ್ನು ಹೆಸರು ಹಿಡಿದು ಬಲ್ಲವನು. ಈಗೀಗ ಕರೆಯುವವರು ಕಡಿಮೆಯಾದ್ದರಿಂದ ಜಗಲಿಯಲ್ಲಿ ಬನಿಯನ್ ಹಾಕಿಕೊಂಡು ಒಬ್ಬನೇ ಎರಡೂ ಕಡೆಯ ಚದುರಂಗ ಆಡಿ, ಸೋತ ಕಡೆಯನ್ನು ಬೈಯುತ್ತಿದ್ದ.

"ತಾತ, ಅಮ್ಮಂಗೂ ನನ್ನ ಹೆಂಡ್ತಿಗೂ ಕೈ ನೋವು. ಪ್ಲಾಸ್ಟರ್ ಬಿಚ್ಚಿ ಒಂದ್ಸಲ ನೋಡ್ತೀರಾ? ಚೆನ್ನಾಗಿ ಒತ್ತಿ ನೋಡ್ಬೇಕು. ಮುಲಾಜು ಬೇಡ."

ಹಬ್ಬದ ಹೊತ್ತಿಗೆ ಕರೆ ಬಂತಲ್ಲ ಎಂದು ಪ್ಯೊ ತಾತನ ಕಣ್ಣು ಹೊಳೆಯಿತು. ಸೂಜಿಪೆಟ್ಟಿಗೆ ಕಂಕುಳಿಗಿರಿಸಿ, ಬನಿಯನ್ನಿನ ಮೇಲೆ ಕೋಟು ತೊಟ್ಟು ಹೊರಟೇಬಿಟ್ಟ.

ತಾತನನ್ನು ಕಂಡದ್ದೇ ಅತ್ತೆ ಸೊಸೆ ಇಬ್ಬರ ಮುಖವೂ ಬಿಳಿಚಿತು. "ಏನೂ ಬೇಡ ಮಾವ, ಡಾಕ್ಟ್ರು ನೋಡಿದ್ದಾರೆ," ಎಂದು ಅಮ್ಮ ಕೈಯನ್ನು ದಿಂಬಿನ ಹಿಂದಕ್ಕೆ ಎಳೆದುಕೊಂಡಳು. "ಬಿಚ್ಚಬಾರ್ದಂತೆ ತಾತ," ಎಂದಳು ಯೊನ್‌ಜು. ಜಿನ್‌ಗುವಿಗೆ ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿ. ಚಿಕ್ಕಮ್ಮ ಒಳ್ಳೆಯ ಜಾಗ ನೋಡಿ ಕೂತಳು.

"ಅರ್ಧ ಪ್ಲಾಸ್ಟರು, ಬಿಚ್ಚಿದ್ರೆ ಏನೂ ಆಗಲ್ಲ," ಎಂದು ಪ್ಯೊ ತಾತ ಸೊಸೆಯ ಬ್ಯಾಂಡೇಜಿನ ಸುತ್ತು ಬಿಚ್ಚಿದ. ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕಿರುಬೆರಳಿನ ಕಡೆಯ ಗುಳಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದ.

ಯೊನ್‌ಜು ಕೊಟ್ಟ ಕೂಗಿಗೆ ಪಕ್ಕದ ಮನೆಯ ನಾಯಿ ತೋಫು ಬಿಟ್ಟು ಬೊಗಳಿತು. ಅವಳ ಕಣ್ಣಲ್ಲಿ ದಳದಳ ನೀರು.

ತಾತ ಅಮ್ಮನ ಕಡೆ ತಿರುಗಿದ. ಒತ್ತಿದ. ಅಮ್ಮನ ಕೂಗು ಇನ್ನೂ ಜೋರು.

"ಎರಡೂ ಅಸಲಿ," ಎಂದ ತಾತ. "ಒಳಗಿನ ಮೆತ್ತೆ ಹರಿದಿದೆ, ಕಟ್ಟೂ ಸಡಿಲ ಆಗಿದೆ. ಇಬ್ಬರದೂ ಒಂದೇ ಜಾಗ."

ಜಿನ್‌ಗುವಿನ ಮುಖದ ನಗು ಬಿದ್ದುಹೋಯಿತು. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆ ಜಾಗದ ನೋವು ಎಂಥದ್ದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಂಥ ನೋವಿನಲ್ಲಿದ್ದ ಹೆಂಡತಿಯನ್ನೂ ಹೆತ್ತವಳನ್ನೂ ಕಳ್ಳರೆಂದುಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಆದರೆ ತಾತನ ಮಾತು ಮುಗಿದಿರಲಿಲ್ಲ. "ಇದು ಬಿದ್ದ ಕೈ ಅಲ್ಲ. ಬಿದ್ದಿದ್ರೆ ಅಂಗೈ ತರಚಿರ್ಬೇಕಿತ್ತು, ಮೊಣಕಾಲು ಒಡೆದಿರ್ಬೇಕಿತ್ತು. ಇದು ಬೀಸಿದ ಕೈ. ಈ ಆರು ತಿಂಗಳಲ್ಲಿ ಇಂಥವು ಹನ್ನೊಂದು ನೋಡಿದೀನಿ, ಎಲ್ಲಾ ಹೊಳೆ ಆಚೆ ದಡದ ಪಾರ್ಕಿಗೆ ಹೋಗೋ ಮುದುಕಿಯರದ್ದೇ." ಅವನು ಅಮ್ಮನ ಮುಖವನ್ನೇ ದಿಟ್ಟಿಸಿದ. "ಏನಮ್ಮ, ನೀನು ಎಷ್ಟನೇ ಗುಂಡಿಯಲ್ಲಿ ಬೀಸಿದ್ದು?"

"ಏಳನೇದು," ಎಂದಳು ಅಮ್ಮ, ಸಣ್ಣ ದನಿಯಲ್ಲಿ.

"ಏನು ಏಳನೇದು?" ಎಂದ ಜಿನ್‌ಗು.

"ಪಾರ್ಕ್ ಗಾಲ್ಫು ಕಣಪ್ಪ. ಬೇಸಿಗೇಲಿ ಸುಮ್ನೆ ನೋಡೋಣ ಅಂತ ಹೋದೆ. ಒಂದೇ ಕೋಲು, ದಪ್ಪ ಚೆಂಡು, ಏನು ಮಹಾ ಅಂತ. ಈಗ ಒಂದು ದಿನ ಹೋಗದಿದ್ರೆ ಊಟ ಸೇರಲ್ಲ. ಮೊನ್ನೆ ಚೆಂಡು ಬಿಟ್ಟು ನೆಲಕ್ಕೆ ಹೊಡೆದುಬಿಟ್ಟೆ."

"ಅದಕ್ಕೇ ದಿನಾ ಬೆಳಿಗ್ಗೆ ಬುದ್ಧನ ಗುಡಿ, ಬುದ್ಧನ ಗುಡಿ ಅಂತ ಓಡ್ತಿದ್ಯಾ!" ಎಂದು ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು. ಇಷ್ಟು ದೊಡ್ಡ ಗುಟ್ಟು ನಾಲ್ಕು ತಿಂಗಳು ತನ್ನ ಕಣ್ಣು ತಪ್ಪಿಸಿತ್ತಲ್ಲ ಎಂಬ ಸಂಕಟವೂ ಆ ದನಿಯಲ್ಲಿತ್ತು.

"ಮಗನಿಗೆ ಅಷ್ಟು ಉಗಿದಮೇಲೆ ಯಾವ ಬಾಯಲ್ಲಿ ಹೇಳ್ಲೇ?" ಎಂದಳು ಅಮ್ಮ.

ಅಷ್ಟರಲ್ಲಿ ಯೊನ್‌ಜು ನಗತೊಡಗಿದಳು. ಮೊದಲು ಕಿಸಕ್ಕೆಂದಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತೆ, ನಂದೂ ಅದೇ."

"ಏನು, ನಿಂದೂ ಅದೇ?" ಎಂದ ಜಿನ್‌ಗು. ಅವನ ಬಾಯಿ ಮುಚ್ಚಲೇ ಇಲ್ಲ.

"ನೀವು ಬಿಟ್ಟಮೇಲೆ ನಿಮ್ಮ ಡ್ರಾಯರಲ್ಲಿ ಸ್ಕ್ರೀನ್ ಗಾಲ್ಫಿನ ಹತ್ತು ಆಟದ ಕೂಪನ್ ಉಳಿದಿತ್ತು ರೀ. ಸುಮ್ನೆ ಹಾಳಾಗತ್ತಲ್ಲ ಅಂತ ಒಂದು ದಿನ ಹೋದೆ. ಅಷ್ಟೇ. ಆಮೇಲೆ ಇನ್ನೊಂದು ಕೂಪನ್ ಪುಸ್ತಕ ನಾನೇ ತಗೊಂಡೆ. ನಿನ್ನೆ ಕೋಲು ಚಾಪೆಗೆ ಬಡೀತು."

ಅಮ್ಮ ಸೊಸೆಯ ಕಡೆ ಪೂರ್ತಿ ತಿರುಗಿ ಕೂತಳು. "ಎಷ್ಟು ದೂರ ಹೊಡೀತೀಯೇ?"

"ನೂರೈವತ್ತು ಮೀಟರ್ ಅತ್ತೆ."

"ಅಬ್ಬಬ್ಬಾ! ಕೈ ವಾಸಿ ಆಗ್ಲಿ, ನಮ್ಮ ಗುಂಪಿಗೆ ಬಂದ್ಬಿಡು. ಜೋಡಿ ಪಂದ್ಯಕ್ಕೆ ನಂಗೆ ಒಳ್ಳೆಯವರು ಯಾರೂ ಸಿಕ್ತಿಲ್ಲ."

ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಚಿಕ್ಕಮ್ಮನೂ ನಕ್ಕಳು. ಪ್ಯೊ ತಾತನೂ ಬೊಚ್ಚುಬಾಯಿ ಬಿಟ್ಟು ನಕ್ಕ. ಆ ನಗು ನೋಡುತ್ತ ಜಿನ್‌ಗು ಹತ್ತಿರ ಸರಿದ. ಮೂರು ವಾರ ಒಬ್ಬನೇ ನುಂಗಿದ ನೋವು, ಚಕ್ರದ ಅಡಿಗೆ ತುರುಕಿದ ಪಟ್ಟಿ, ಎಡಗೈಯ ಮೂಲಂಗಿ, ಎಲ್ಲ ಒಮ್ಮೆಗೇ ಉಕ್ಕಿತು. ಇವರೂ ನನ್ನವರೇ! ಇನ್ನೇಕೆ ಮುಚ್ಚುಮರೆ? ಆ ಸಂತೋಷದಲ್ಲಿ ಅವನು ಬಲಗೈಯನ್ನು ತಾತನ ಮುಂದೆ ಚಾಚಿ ಕೂಗಿಬಿಟ್ಟ. "ಅಮ್ಮಾ! ಯೊನ್‌ಜು! ನಂದೂ ಅದೇ! ನಂದೂ ಹರಿದಿದೆ! ಒತ್ತಿ ತಾತ, ಒತ್ತಿ ನೋಡಿ!"

ತಾತ ಒತ್ತಿದ. ಆ ದಿನದ ಮೂರನೆಯ ಕೂಗು ಮೊದಲಿನ ಎರಡನ್ನೂ ಮೀರಿಸಿತು.

"ಇದೂ ಬೀಸಿದ್ದೇ," ಎಂದ ತಾತ. "ಇದು ಹಳೇದು. ಮೂರು ವಾರ ಆಗಿದೆ."

ನಗು ನಿಂತಿತು. ಕಾವಲಿಯ ಮೇಲೆ ಮರೆತ ಮೀನಿನ ಹೋಳು ಚುರುಚುರು ಎನ್ನುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅದು ಜಿನ್‌ಗುವಿಗೆ ನೆನಪಾದದ್ದು ಆಡಿದ ಮೇಲೆ.

"ಮೂರು ವಾರದ ಹಿಂದೆ," ಎಂದಳು ಯೊನ್‌ಜು, ದನಿ ಬೆಣ್ಣೆಯಷ್ಟು ಮೆತ್ತಗಿತ್ತು. "ಏನು ಬೀಸಿದ್ರಿ?"

"ನೀನು ಬೀಸಿದ್ದನ್ನೇ ಕಣೇ!"

"ನಾನು ಬರ್ಕೊಟ್ಟಿದ್ನಾ?"

ಜಿನ್‌ಗು ಅಮ್ಮನ ಕಡೆ ನೋಡಿದ. ಅಮ್ಮ ಛಾವಣಿಯ ಕಡೆ ನೋಡಿದಳು. "ನಾನು ಬರೀ ಸಾಕ್ಷಿ ಕಣಪ್ಪ. ಸಾಕ್ಷಿ ಹಾಕಿದೋರು ಆಡಬಾರ್ದು ಅಂತ ಅದರಲ್ಲಿ ಎಲ್ಲೂ ಇಲ್ಲ."

"ಅಲ್ಲ, ಇವತ್ತು ಬೆಳಿಗ್ಗೆಯಿಂದ ಹರಿದ ಕೈಯಲ್ಲಿ ಇಷ್ಟೆಲ್ಲ ಮಾಡಿದ್ನಲ್ಲ! ಇದನ್ನೇ ಶಿಕ್ಷೆ ಅಂತ ತಿಳ್ಕೊಂಡು..."

"ಛೆ, ಎಂಥ ಮಾತು ರೀ," ಎಂದು ಯೊನ್‌ಜು ಎಡಗೈಯಲ್ಲಿ ಅವನ ಬೆನ್ನು ಸವರಿದಳು. ಅವಳ ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು, ಅದೇ ಅವನಿಗೆ ಹೆದರಿಕೆ ತಂದದ್ದು. "ಇವತ್ತು ನೀವು ಮಾಡಿದ್ದು ಪ್ರೀತಿಯಿಂದ. ಅದನ್ನ ಶಿಕ್ಷೆಗೆ ಸೇರಿಸಿದ್ರೆ ನಂಗೆ ಒಳ್ಳೇದಾಗತ್ತಾ? ಹೋಗಿ, ಮಲಕ್ಕೊಳ್ಳಿ. ಉಳಿದ ಕಡುಬನ್ನ ಚಿಕ್ಕಮ್ಮ ಮಾಡ್ತಾರೆ. ನಿಮ್ಮದು ಹೊಸವರ್ಷದ ಹಬ್ಬದಿಂದ ಶುರು."

"ನಾನಾ?" ಎಂದಳು ಚಿಕ್ಕಮ್ಮ. ಆದರೂ ನಾಳೆ ಊರಿಗೆಲ್ಲ ಹೇಳಲು ಇಷ್ಟೊಂದು ಸಿಕ್ಕಿದ ಮೇಲೆ ಕಡುಬು ಮಾಡಿಕೊಡದಿರುವುದು ನ್ಯಾಯವಲ್ಲ ಎಂದು ಅವಳಿಗೇ ಅನ್ನಿಸಿರಬೇಕು, ತೋಳು ಮಡಿಸಿಕೊಂಡು ಬೋಗುಣಿ ಎಳೆದುಕೊಂಡಳು.

ಪ್ಯೊ ತಾತ ಜಿನ್‌ಗುವಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಧೈರ್ಯ ಹೇಳಿದ. "ಹೆದರ್ಬೇಡ ಮಗ. ಹೊಸವರ್ಷಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಅಷ್ಟು ಹೊತ್ತಿಗೆ ಈ ಕೈ ಹೊಸದಾಗಿರುತ್ತೆ. ಕಾವಲಿ ಏನು, ಒರಳುಕಲ್ಲೇ ಎತ್ತಬಹುದು."

ಜಿನ್‌ಗು ಅವನ ಕಿವಿಯ ಹತ್ತಿರ ಬಗ್ಗಿದ. "ತಾತ, ಇದು ವಾಸಿ ಆಗದೇ ಇರೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?"

ತಾತನಿಗೆ ಬಹಳ ಅವಮಾನವಾಯಿತು. "ನನ್ನ ಕೈಗೆ ಸಿಕ್ಕಿದ ಮಣಿಕಟ್ಟು ಒಂದಾದ್ರೂ ವಾಸಿ ಆಗದೆ ಹೋಗಿದ್ಯಾ, ಊರಲ್ಲಿ ಯಾರನ್ನಾದ್ರೂ ಕೇಳು!" ಎಂದು ಪೆಟ್ಟಿಗೆ ತೆರೆದು, ಇದ್ದುದರಲ್ಲಿ ಉದ್ದನೆಯ ಸೂಜಿಯನ್ನು ಹುಡುಕತೊಡಗಿದ.